ಕಾಕು ಆಸ್ಪತ್ರೆಗೆ ಬಂದಾಗ

ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಚಿಕ್ಕಮ್ಮನ ಸಮಾನರಾದ ಕಾಕು ಯಾವುದಕ್ಕೂ ಗಡಿಬಿಡಿ ಮಾಡಿದವರಲ್ಲ. ಕರೆಂಟು ಹೋಗಲಿ, ಮನೆಯೊಳಗೆ ಹಾವು ಹೊಗಲಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದದ್ದು ಒಂದೇ ಮಾತು: “ಗದ್ಲ ಮಾಡಬ್ಯಾಡೋ ತಮ್ಮಾ.” ನನಗೋ ಗದ್ದಲವಿಲ್ಲದೆ ಚಹಾ ಕೂಡ ಗಂಟಲಲ್ಲಿ ಇಳಿಯುವುದಿಲ್ಲ.

ಒಮ್ಮೆ ನನ್ನ ಹೆಂಡತಿಗೆ ವಿಜಯಪುರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಷ್ಟು ಹೊತ್ತಾದರೂ ಅವಳಿಗೆ ಎಚ್ಚರವಾಗಲಿಲ್ಲ. ಮಂಚದ ಪಕ್ಕದಲ್ಲೇ ನಿಂತು ದೇವರುಗಳನ್ನು ಕೂಗಿ ಕರೆದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮೂರೂ ಊರಿನ ದೇವರಿಗೆ ಬರುವ ಸೋಮವಾರವೇ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಹರಕೆ ಹೊತ್ತೆ. ಪಕ್ಕದ ಮಂಚದವರು ತಮ್ಮ ರೋಗಿಯ ಕಿವಿಗೆ ಹತ್ತಿ ಇಟ್ಟರು.

ರೊಟ್ಟಿ ಗಂಟು ಹಿಡಿದು ಆಗಷ್ಟೇ ಬಂದ ಕಾಕು ಕೇಳಿದರು: “ಒಂದ ಸ್ವಾಮಾರ ಮೂರೂ ಊರಿಗೆ ಹೆಂಗ ಮುಟ್ಟತಿ?”

ಬಾಗೇವಾಡಿಯ ದೇವರೊಬ್ಬನನ್ನು ಮಂಗಳವಾರಕ್ಕೆ ಒಪ್ಪಿಸಲು ನಾನು ಚೌಕಾಶಿಗಿಳಿದೆ. ಅಷ್ಟರಲ್ಲಿ ಕಾಕು ಕೈಕಾಲು ತೊಳೆದು ಬಂದು, ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದನ್ನೇ ನೋಡುತ್ತ ಕೂತುಬಿಟ್ಟಿದ್ದರು. ಅವರದು ಮುಗಿಯುವುದನ್ನೇ ಕಾದು, “ಏನ್ ಬೇಡಿಕೊಂಡ್ರಿ ಕಾಕೂ?” ಎಂದೆ.

“ಬೇಡಾಕ ಕುಂತಿದ್ದಿಲ್ಲೋ. ಅವನ ಜೋಡಿ ಸುಮ್ನ ಕುಂತಿದ್ದೆ.”

ನಾನೂ ಸ್ಟೂಲಿನ ಮೇಲೆ ಕೂತೆ. ಬಾಯಿ ಮುಚ್ಚಿದ ಮೇಲೆ ಹೆಂಡತಿಯ ಉಸಿರು ಕೇಳಿಸಿತು. ನಿಧಾನವಾಗಿ ಹೋಗಿ ಬರುತ್ತಿತ್ತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

ಕಣ್ಣು ತೆರೆಯದೆಯೇ ಅವಳು ಮೆಲ್ಲಗೆ ಅಂದಳು: “ಕಾಕೂ, ಇವರು ಸುಮ್ನಾದ್ರಲ್ಲ? ಹಂಗಾದ್ರ ದೇವರು ಅದಾನ್ರಿ.”