ಬಾನೆಟ್ಟಿಗೆ ತೀರ್ಥ

ತಣ್ಣಗಿದೆಯೋ ಬಿಸಿಯೋ ಎಂದು ನೋಡಲು ಎಲ್ಲರೂ ಕೈ ಒಡ್ಡಿದರೆ ಅವರು ಕೆನ್ನೆ ಒಡ್ಡುತ್ತಿದ್ದರು. ಯಾವತ್ತೋ ಪೈಪು ಒಡೆದು ಎಸಿ ಗ್ಯಾಸು ಸಿಡಿದು, ಅವರ ಬಲಗೈ ಬೆರಳುಗಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು; ಅಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಹಾಗಾಗಿ ಕಾರಿನೊಳಗೆ ಬಗ್ಗಿ, ಗಾಳಿ ಬರುವ ಕಿಂಡಿಗೆ ನರೆತ ಗಡ್ಡದ ಕೆನ್ನೆ ಇಟ್ಟು, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ನಾವು ಅವರನ್ನು ಎಸಿ ಸಾಬರು ಎನ್ನುತ್ತಿದ್ದೆವು. ತುಮಕೂರಿನ ಮರಳೂರಿನಲ್ಲಿ, ತಗಡಿನ ಶೀಟಿನ ಕೆಳಗೆ ಅವರ ಗ್ಯಾರೇಜು.

ಕಾರು ನಮಗೆ ಶೋಕಿಯಾಗಿರಲಿಲ್ಲ. ನನ್ನ ಮಗಳಿಗೆ ಹುಟ್ಟಿನಿಂದಲೇ ಮೈ ಬೆವರುತ್ತಿರಲಿಲ್ಲ. ಸೆಕೆ ಒಳಗೇ ಕಾದು ಫಿಟ್ಸ್ ಬರುತ್ತಿತ್ತು. ಬಂದಾಗಲೆಲ್ಲ ಅವಳ ಬಾಯಿಂದ ಒಂದೆರಡು ಮಾತು ಕಿತ್ತುಕೊಂಡು ಹೋಗುತ್ತಿತ್ತು. ಗುಬ್ಬಿಯಿಂದ ತುಮಕೂರಿನ ಆಸ್ಪತ್ರೆಗೆ ವಾರವಾರ ಕರೆದೊಯ್ಯಬೇಕು, ಬಿಸಿಲಲ್ಲಿ ಬಸ್ಸು ಆಗದು. ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರು ಯಾರೋ ಮಾರುತ್ತಿದ್ದ ಹಳೇ ಕಾರು ತಂದರು. ಇಷ್ಟು ತಂಪಿರಲಿ ಎಂದು ಒತ್ತಿಟ್ಟರೆ ಸಾಕು, ಒಳಗಿನ ಸೆಕೆ ನೋಡಿಕೊಂಡು ಗಾಳಿಯನ್ನು ತಾನೇ ಹದ ಮಾಡಿಕೊಳ್ಳುವ ಕಾರು ಅದು. ಶಿವನೇ ಕೊಟ್ಟ ಎಂದುಕೊಂಡೆವು. ನಮ್ಮತ್ತೆ ಪ್ರತಿ ಸೋಮವಾರ ಈಶ್ವರನ ಗುಡಿಯಿಂದ ತೀರ್ಥ ತಂದು, ಬಿಲ್ವಪತ್ರೆಯಲ್ಲಿ ಅದ್ದಿ, ಕಾರಿನೊಳಗೆ ಸ್ಟೇರಿಂಗಿನ ಸುತ್ತಮುತ್ತೆಲ್ಲ ಚಿಮುಕಿಸಿ ವಿಭೂತಿ ಹಚ್ಚುತ್ತಿದ್ದರು. ಮೊಮ್ಮಗಳಿಗೆ ತಾನು ಮಾಡಬಲ್ಲ ಸೇವೆ ಅದೊಂದೇ ಎಂದು ನಂಬಿದ್ದ ಜೀವ.

ಒಂದು ಬೇಸಿಗೆಯಲ್ಲಿ ಆ ಕಾರು ಬಿಸಿಗಾಳಿ ಊದತೊಡಗಿತು. ಸಾಬರು ಗ್ಯಾಸು ಕಮ್ಮಿಯಾಗಿದೆ ಎಂದು ತುಂಬಿಸಿ, ಕೆನ್ನೆ ಇಟ್ಟು ನೋಡಿ ಕಳಿಸಿದರು. ಗುಬ್ಬಿಗೆ ವಾಪಸ್ಸು ಬರುವಾಗ ಮಲ್ಲಸಂದ್ರ ದಾಟಿದ್ದೇ ತಡ, ಮತ್ತೆ ಬಿಸಿ. ಯಜಮಾನರು ಯಾವ ಗುಂಡಿ ಒತ್ತಿದರೂ ಬಿಸಿಯೇ. ಕಿಟಕಿ ಇಳಿಸಿದರೆ ಹೊರಗೂ ಬೆಂಕಿ. ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಸೆರಗು ಒದ್ದೆ ಮಾಡಿ ಮಗಳನ್ನು ಸುತ್ತಿ ಹಿಡಿದುಕೊಂಡೆ. ಫಿಟ್ಸ್ ಬಂದೇ ಬಂತು. ಅವತ್ತಿನಿಂದ ಅವಳು ನನ್ನನ್ನು ಅಮ್ಮ ಎನ್ನಲಿಲ್ಲ.

ಸುದ್ದಿ ತಿಳಿದ ಮಾರನೇ ದಿನವೇ ಸಾಬರು ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. “ತಪ್ಪು ನಂದು ಅಕ್ಕ. ಓಡಿಸಿ ನೋಡ್ಬೇಕಿತ್ತು, ನಿಲ್ಲಿಸ್ಕೊಂಡು ನೋಡಿ ಕಳಿಸ್ಬಿಟ್ಟೆ,” ಎಂದವರೇ ಕಾರನ್ನು ಬಿಸಿಲಿಗೆ ತೆಗೆದು, ಒಳಗೆ ಕೂತು ಕಿಂಡಿಗೆ ಕೆನ್ನೆ ಇಟ್ಟರು.

ಜಗಲಿಯಲ್ಲಿದ್ದ ಅತ್ತೆ ಸುಮ್ಮನಿರಲಾರದೆ, “ಏನ್ ಸಾಬ್ರೇ, ಗಾಡಿ ಕಿವೀಲಿ ಗುಟ್ಟು ಹೇಳ್ತಿದೀರಾ?” ಎಂದರು.

“ಅದೇ ಹೇಳ್ತಾ ಐತೆ ಅಜ್ಜಿ. ನಿಮ್ ಮೇಲೆ ಚಾಡಿ!”

“ಹೇಳ್ಲಿ ಬುಡಿ. ಸೊಸೆಗಿಂತ ಜಾಸ್ತಿ ಏನ್ ಹೇಳೀತು!”

ಸ್ಟೇರಿಂಗಿನ ಪಕ್ಕದಲ್ಲಿ ಬೆರಳಗಲದ ಒಂದು ಜಾಲರಿ. ಅದನ್ನು ಕಳಚಿ, ಹಿಂದಿನಿಂದ ಮೆಣಸಿನ ಕಾಳಿನಂಥದೊಂದನ್ನು ಎರಡು ತಂತಿ ಕಾಲುಗಳ ಸಮೇತ ತೆಗೆದರು. ಕಾರಿನೊಳಗಿನ ಸೆಕೆ ಎಷ್ಟೆಂದು ನೋಡಿ ಹೇಳುವ ಸೆನ್ಸಾರ್ ಅದಂತೆ. ನನ್ನಿಂದ ಒಂದು ಲೋಟ ಬಿಸಿನೀರು, ಒಂದು ಲೋಟ ಐಸು ಕೇಳಿದರು. ತಂತಿಗೆ ಮೀಟರು ಸಿಕ್ಕಿಸಿ, ಒಂದರಲ್ಲಿ ಅದ್ದಿ, ಇನ್ನೊಂದರಲ್ಲಿ ಅದ್ದಿ ನೋಡಿದರು.

“ಬಿಸಿಗೆ ನಂಬರು ಇಳೀಬೇಕು ಅಕ್ಕ, ಇಳೀತಾನೇ ಇಲ್ಲ. ನೋಡಿ, ಬಿಸಿನೀರಲ್ಲಿ ಕೂತ್ಕೊಂಡು ಚಳಿ ಚಳಿ ಅಂತಿದೆ. ಗಾಡಿ ಇದರ ಮಾತು ನಂಬಿ ಮಗೂಗೆ ಶಾಖ ಕೊಡ್ತಾ ಇದೆ.”

ತಂತಿಯ ಕಾಲುಗಳು ಹಸಿರು ಕಿಲುಬು ಹಿಡಿದು ಸವೆದಿದ್ದವು. ಅದರ ಮೇಲೆ ಬಿಳಿ ವಿಭೂತಿಯ ಗೆರೆ. ಜಾಲರಿಯ ಸಂದಿನಲ್ಲಿ ಒಣಗಿದ ಬಿಲ್ವಪತ್ರೆಯ ತುದಿ. ಸಾಬರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಜಗಲಿಯ ಕಡೆ. ಸ್ಪರ್ಶವಿಲ್ಲದ ಆ ಬೆರಳುಗಳಿಂದ ಕಷ್ಟಪಟ್ಟು ಎಲೆಯ ಚೂರನ್ನು ಬಿಡಿಸಿ ನನ್ನ ಅಂಗೈಗಿಟ್ಟು, “ಇದು ಕೆಳಗೆ ಬೀಳ್ಬಾರ್ದಲ್ವಾ ಅಕ್ಕ,” ಎಂದರು, ಮೆಲ್ಲಗೆ.

“ಏನಾಗಿತ್ತಪ್ಪಾ?” ಎಂದು ಅತ್ತೆ ಕೂಗಿದರು.

“ಹಳೇ ಗಾಡಿ ಅಜ್ಜಿ, ತುಕ್ಕು ಹಿಡಿದಿತ್ತು. ಹೊಸದು ಹಾಕ್ತೀನಿ. ಆಮೇಲೆ ಅಜ್ಜಿ, ಇನ್ಮೇಲೆ ತೀರ್ಥ ಬಾನೆಟ್ ಮೇಲೆ ಹಾಕಿ. ಇಂಜಿನ್ನೇ ಅಲ್ವಾ ಯಜಮಾನ? ಅವನಿಗೆ ಮೊದಲು ಸಲ್ಬೇಕು.”

“ಹೌದಲ್ಲಾ! ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ,” ಎಂದು ಅತ್ತೆ ತಮ್ಮ ಹಣೆ ತಾವೇ ಬಡಿದುಕೊಂಡು ನಕ್ಕರು.

ಆಮೇಲೆ ಕಾರು ಕೈಕೊಡಲಿಲ್ಲ. ಮಗಳು ಕೈಕೊಟ್ಟಳು. ಹೋದ ಮಾತು ಬರಲಿಲ್ಲ, ಇದ್ದ ನಡಿಗೆಯೂ ಹೋಯಿತು. ಮರುವರ್ಷ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಆಸ್ಪತ್ರೆ ಬಾಗಿಲಿಗೆ ಬಂದ ಸಾಬರು ಮುಂದಿನ ಸೀಟಿನಲ್ಲಿ ಕೂತರು. ಗುಬ್ಬಿ ಬರುವ ತನಕ ಆಗಾಗ ಬಗ್ಗಿ ಕಿಂಡಿಗೆ ಕೆನ್ನೆ ಇಡುತ್ತಲೇ ಇದ್ದರು. ನನ್ನ ತೊಡೆಯ ಮೇಲೆ ಅವಳು ತಣ್ಣಗೆ ನಿದ್ದೆ ಮಾಡಿದಳು. ಯುಗಾದಿಗೆ ಮುಂಚೆಯೇ ಹೋದಳು. ಆ ಒಂದು ದಾರಿಯ ನಿದ್ದೆಯನ್ನು ಭಗವಂತನ ಲೆಕ್ಕಕ್ಕೆ ಜಮಾ ಮಾಡಿಟ್ಟಿದ್ದೇನೆ, ಅಲ್ಲಿ ಬರೆಯಲು ಬೇರೇನೂ ಸಿಗಲಿಲ್ಲ.

ಮಾತಾಡಿಸಲು ಬಂದ ಸಾಬರ ಮುಂದೆ ಅತ್ತೆ, “ನನ್ ತೀರ್ಥ ಏನೂ ಮಾಡ್ಲಿಲ್ವಲ್ಲೋ ಮಗಾ,” ಎಂದು ಅತ್ತರು.

ಸಾಬರು, “ನನ್ ಎಸಿನೂ ಮಾಡ್ಲಿಲ್ಲ ಅಜ್ಜಿ,” ಎಂದರು.

ಅತ್ತೆ ಆ ಎಲೆಯ ಸಂಗತಿ ತಿಳಿಯದೆಯೇ ಕಣ್ಣು ಮುಚ್ಚಿದರು. ತಿಳಿದಿದ್ದರೆ ಒಂದು ಗುಟುಕು ನೀರೂ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಿಳಿದಿದ್ದವರು ಇಬ್ಬರೇ. ಕೆಲವು ವರ್ಷದ ಮೇಲೆ ಸಾಬರೂ ಎದೆನೋವಿಗೆ ಹೋದರು. ಮರಳೂರಿಗೆ ಹೋಗಿ, ಅವರ ಹೆಂಡತಿಯ ಕೈ ಹಿಡಿದು ಕೂತು ಬಂದೆ.

ವಾಪಸ್ಸು ಬರುವಾಗ ಮಲ್ಲಸಂದ್ರದ ಹತ್ತಿರ ನಾನೂ ಬಗ್ಗಿ ಕಿಂಡಿಗೆ ಕೆನ್ನೆ ಇಟ್ಟೆ. ಗಾಳಿ ತಣ್ಣಗೇ ಬರುತ್ತಿತ್ತು. ಹಿಂದಿನ ಸೀಟು ಖಾಲಿ ಇತ್ತು.