ಎಡಗೈ ಎತ್ತಿದರೆ

ಸಿಡ್ನಿಯ ನಮ್ಮವರ ಮನೆಗಳಲ್ಲಿ ಹಲ್ಲುನೋವಿಗೆ ಒಂದೇ ಮದ್ದು: ‘ಡಿಸೆಂಬರ್‌ನಲ್ಲಿ ಇಂಡಿಯಾಕ್ಕೆ ಹೋಗ್ತೀವಲ್ಲ, ಅಲ್ಲೇ ಮಾಡಿಸಿದ್ರಾಯ್ತು.’ ಅಲ್ಲಿ ಅಗ್ಗ ಎನ್ನುವುದು ನಿಜ. ನಾನಂತೂ ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದೆ. ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ನಮ್ಮ ಮನೆಯಿಂದ ಡಬ್ಬಿ ಊಟ ಕಳಿಸುತ್ತ ಶುರುಮಾಡಿ, ಈಗ ಮದುವೆಗಳ ಅಡುಗೆ ಹಿಡಿಯುವವಳು ನಾನು. ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡರೆ ತರಕಾರಿಯವರು ಚೌಕಾಸಿಗೆ ಹೆದರಿ ಬೆನ್ನು ತಿರುಗಿಸುತ್ತಾರೆ. ಹಾಗಾಗಿ ಇದು ಉಳಿತಾಯವಲ್ಲ, ಭಯ ಎಂದು ಯಾರಿಗೂ ಅನುಮಾನ ಬರಲಿಲ್ಲ. ಇಂಡಿಯಾಕ್ಕೆ ಹೋದಾಗಲೆಲ್ಲ ಸೀರೆ ತಂದೆ, ಕಡಾಯಿ ತಂದೆ, ಹುಳುಕು ದವಡೆಹಲ್ಲನ್ನೂ ಹಾಗೆಯೇ ವಾಪಸ್ ತಂದೆ.

ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಒಬ್ಬ ಡಾಕ್ಟರು ‘ಸುಮ್ನೆ ನೋಡ್ತೀನಿ, ಬಾಯಿ ತೆಗಿ ಪುಟ್ಟಿ’ ಎಂದು, ಬೆನ್ನ ಹಿಂದೆ ಅಡಗಿಸಿಕೊಂಡಿದ್ದ ಇಕ್ಕಳದಿಂದ ಹಲ್ಲು ಕಿತ್ತಿದ್ದರು. ನೋವು ಮರೆತಿದೆ. ಆ ‘ಸುಮ್ನೆ’ ಮರೆತಿಲ್ಲ.

ಹೋದ ವರ್ಷ ತಂಗಿಯ ಗೃಹಪ್ರವೇಶದ ಅಡುಗೆಗೆಂದು ಮೆಲ್ಬರ್ನ್‌ಗೆ ಹೋಗಿದ್ದೆ. ಮಾರನೆಯ ಬೆಳಗ್ಗೆ ಎದ್ದಾಗ ಬಲಗೆನ್ನೆ ಊದಿಕೊಂಡಿತ್ತು. ಎಂಜಲು ನುಂಗಿದರೂ ಕಿವಿಯವರೆಗೆ ಸೆಳೆತ. ಆದರೂ ಪಾತ್ರೆಗಳನ್ನು ಕಾರಿಗೆ ತುಂಬಿ, ಒಂಬತ್ತು ಗಂಟೆ ದಾರಿಯ ಸಿಡ್ನಿಗೆ ಹೊರಟೆ. ತಂಗಿ ಕೀ ಕಿತ್ತುಕೊಂಡಳು.

‘ಮುಖ ನೋಡ್ಕೋ ಅಕ್ಕ! ಬಾಯಲ್ಲಿ ಬನ್ ಇಟ್ಕೊಂಡಂಗಿದೆ.’

‘ಮಾತ್ರೆ ತಗೊಂಡಿದೀನಿ. ಇಂಡಿಯಾಕ್ಕೆ ಹೋದಾಗ...’

‘ಇಂಡಿಯಾಕ್ಕೆ ನಿನ್ನನ್ನ ಕಳಿಸೋದೋ, ನಿನ್ನ ಬೂದಿ ಕಳಿಸೋದೋ?’

ಅವಳು ಕರೆದೊಯ್ದ ಕ್ಲಿನಿಕ್ಕಿನ ಡೆಂಟಿಸ್ಟ್ ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಎಕ್ಸ್‌ರೇ ನೋಡಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

‘ಆಂಟಿ, ಇನ್ಫೆಕ್ಷನ್ ಬೇರಿನ ತನಕ ಹೋಗಿದೆ. ಇವತ್ತೇ ಓಪನ್ ಮಾಡಿ ಕ್ಲೀನ್ ಮಾಡಿದ್ರೆ ಹಲ್ಲು ಉಳಿಯೋ ಚಾನ್ಸ್ ಇದೆ. ಹೀಗೇ ಡ್ರೈವ್ ಮಾಡ್ಕೊಂಡು ಹೋದ್ರೆ ಊತ ಗಂಟಲಿಗೆ ಇಳೀಬಹುದು. ಆಗ ಹಲ್ಲಿನ ವಿಷ್ಯ ಅಲ್ಲ, ಉಸಿರಿನ ವಿಷ್ಯ.’

‘ಮಾತ್ರೆ ಕೊಡಮ್ಮ, ಸಾಕು.’

‘ಸಾಕಾಗಲ್ಲ.’

‘ನಾಳೆ ಬರ್ತೀನಿ.’

‘ಬರಲ್ಲ ನೀವು.’

ಮೂಲೆಯಲ್ಲಿದ್ದ ತಂಗಿ ನಕ್ಕಳು. ‘ದುಡ್ಡಿಗಾದ್ರೂ ಚೌಕಾಸಿ ಮಾಡೇ. ನೀನು ರೇಟೇ ಕೇಳದೆ ಇರೋದು ನೋಡಿ ನಂಗೆ ಭಯ ಆಗ್ತಿದೆ.’

‘ನೋವಾಗುತ್ತಾ?’ ಎಂದೆ. ‘ಸ್ವಲ್ಪಾನೂ ಇಲ್ಲ’ ಎಂದಿದ್ದರೆ ಎದ್ದು ಹೋಗುತ್ತಿದ್ದೆ.

‘ಇಂಜೆಕ್ಷನ್ ಚುಚ್ಚುತ್ತೆ. ಇಷ್ಟು ಇನ್ಫೆಕ್ಷನ್ ಇದ್ದಾಗ ಒಂದೊಂದ್ಸಲ ಪೂರ್ತಿ ಮರಗಟ್ಟಲ್ಲ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ.’

‘ಮಧ್ಯದಲ್ಲೂ?’

‘ಮಧ್ಯದಲ್ಲೂ.’

ಸ್ಯಾಂಪಲ್ ನೋಡದೆ ಒಂದು ಮೂಟೆ ಅಕ್ಕಿಯನ್ನೂ ಕೊಂಡವಳಲ್ಲ ನಾನು. ಸೂಜಿ ತುಟಿಯ ಹತ್ತಿರ ಬಂದದ್ದೇ ಕೈ ಎತ್ತಿದೆ. ಅವಳು ಸೂಜಿಯನ್ನು ತಟ್ಟೆಯಲ್ಲಿಟ್ಟು ಸುಮ್ಮನೆ ಕೂತಳು. ಕೈ ಇಳಿಸಿದೆ. ಚುಚ್ಚಿತು, ಹೇಳಿದಷ್ಟೇ ಚುಚ್ಚಿತು. ದವಡೆ ಕಲ್ಲಾದ ಮೇಲೆ ಡ್ರಿಲ್ ಶುರುವಾಯಿತು. ಆ ಸದ್ದಿಗೆ ಕಾಲಿನ ಹೆಬ್ಬೆರಳುಗಳು ಮಡಚಿಕೊಂಡವು. ಮತ್ತೆ ಕೈ ಎತ್ತಿದೆ. ಸದ್ದು ನಿಂತಿತು.

‘ನೋವಾ, ಟೆಸ್ಟಾ?’

ಬಾಯಿ ತುಂಬ ಹತ್ತಿ. ಕಣ್ಣಿನಲ್ಲೇ ಉತ್ತರ ಕಂಡಿರಬೇಕು.

‘ಮಾಡಿ ಮಾಡಿ. ನಮ್ಮಮ್ಮನೂ ಟೊಮ್ಯಾಟೊ ಹಿಂಗೇ ಒತ್ತೊತ್ತಿ ನೋಡೋದು.’

ಆಮೇಲೆ ನಿಜವಾದದ್ದು ಬಂತು. ಹಲ್ಲಿನೊಳಗಿಂದ ನೆತ್ತಿಗೆ ಬೆಂಕಿ ಹತ್ತಿದಂತಾಯಿತು, ಕೈ ತಾನಾಗಿ ಮೇಲೆದ್ದಿತು. ಇನ್ನೊಂದು ಕೈ ಆಗಲೇ ಕುರ್ಚಿಯ ಅಂಚು ಹಿಡಿದು, ಇಳಿದು ಓಡಲು ಸಿದ್ಧವಾಗಿತ್ತು. ಡ್ರಿಲ್ ನಿಂತಿತು. ‘ಸಾರಿ ಆಂಟಿ. ಇನ್ನೊಂದು ಇಂಜೆಕ್ಷನ್ ಹಾಕ್ತೀನಿ. ಅದು ಹಿಡಿಯೋವರೆಗೂ ಮುಟ್ಟಲ್ಲ.’ ಮುಟ್ಟಲಿಲ್ಲ. ಗಡಿಯಾರದತ್ತ ಕೂಡ ನೋಡಲಿಲ್ಲ. ಕುರ್ಚಿಯ ಅಂಚು ಹಿಡಿದಿದ್ದ ಬೆರಳುಗಳು ಆಗ ಸಡಿಲವಾದವು.

ಕೊನೆಗೆ ಕೆಟ್ಟ ರುಚಿಯೊಂದು ನಾಲಗೆಗೆ ಇಳಿಯಿತು, ಅದರ ಜೊತೆಗೇ ದವಡೆಯ ಒತ್ತಡವೂ ಇಳಿಯಿತು. ಹಲ್ಲು ಉಳಿಯಿತು, ಸದ್ಯಕ್ಕೆ. ಬೇರಿನ ಉಳಿದ ಕೆಲಸ ಮುಗಿಸದಿದ್ದರೆ ಅದೂ ಉಳಿಯುವುದಿಲ್ಲ ಎಂದು ಡೆಂಟಿಸ್ಟ್ ಎಚ್ಚರಿಸಿ, ಸಿಡ್ನಿಯಲ್ಲಿ ಮಾಡಿಸಿಕೊಳ್ಳಿ ಎಂದಳು.

ಅದೇ ಕಷ್ಟದ್ದು. ಊತವಿಲ್ಲ, ನೋವಿಲ್ಲ, ಕೀ ಕಿತ್ತುಕೊಳ್ಳುವ ತಂಗಿಯೂ ಇಲ್ಲ. ಡಿಸೆಂಬರ್ ಬೇರೆ ಹತ್ತಿರದಲ್ಲಿತ್ತು. ಎರಡು ಸಲ ಫೋನ್ ಎತ್ತಿ ಇಟ್ಟೆ. ಕೊನೆಗೆ ಮನೆ ಹತ್ತಿರದ ಕೆಲ್ಲಿವಿಲ್‌ನ ಒಂದು ಕ್ಲಿನಿಕ್ಕಿಗೆ ಮಾಡಿದೆ.

ನಿಮಗೂ ಈ ಭಯವಿದ್ದರೆ ನನ್ನ ಮಾತು ಕೇಳಿ: ರೇಟಿಗಿಂತ ಮೊದಲು ಚೌಕಾಸಿ ಮಾಡಬೇಕಾದದ್ದು ಇನ್ನೊಂದಿದೆ. ‘ನಾನು ಎಡಗೈ ಎತ್ತಿದ್ರೆ ನಿಮ್ಮ ಡಾಕ್ಟರ್ ನಿಲ್ಲಿಸ್ತಾರಾ?’ ಎಂದು ಕೇಳಿದೆ. ರಿಸೆಪ್ಷನ್ ಹುಡುಗಿ ‘ಒಂದು ನಿಮಿಷ’ ಎಂದು ಒಳಗೆ ಹೋಗಿ ಕೇಳಿ ಬಂದಳು. ‘ನಿಲ್ಲಿಸ್ತಾರಂತೆ.’

‘ಹಾಗಾದ್ರೆ ಗುರುವಾರ ಬುಕ್ ಮಾಡಿ’ ಎಂದೆ. ರೇಟು ಕೇಳಿಲ್ಲವೆಂದು ಫೋನ್ ಇಟ್ಟ ಮೇಲೆ ಹೊಳೆಯಿತು. ಮತ್ತೆ ಮಾಡಿ ಅದನ್ನೂ ಇಳಿಸಿಕೊಂಡೆ. ಆದರೆ ಗುರುವಾರವನ್ನು ಮುಂದೆ ಹಾಕಲಿಲ್ಲ.