ಸುಸ್ತಿಗೂ ಒಂದು ನಂಬರ್ ಬೇಕು

ಮೂರು ತಿಂಗಳ ಹಿಂದೆ ರಕ್ತದಾನ ಮಾಡಲು ಹೋದವಳು ರಕ್ತ ಕೊಡದೆ, ಬೈಸಿಕೊಂಡು ಬಂದೆ.

ಮುಂಬೈಯ ಮುಲುಂಡ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಶಿಬಿರವಿತ್ತು. ಕಮಿಟಿ ಮೆಂಬರ್ ಅಲ್ಲವೇ, ಸಾಲಿನಲ್ಲಿ ನಾನೇ ಮೊದಲು. (ಫೋಟೋಗೆಂದು ಹೊಸ ಸೀರೆ ಬೇರೆ.) ಬೆರಳು ಚುಚ್ಚಿ ನೋಡಿದ ಚಿಕ್ಕ ವಯಸ್ಸಿನ ಡಾಕ್ಟರ್, "ಆಂಟಿ, ಹನ್ನೆರಡೂವರೆ ಇರಬೇಕಾದ ಹಿಮೋಗ್ಲೋಬಿನ್ ಒಂಬತ್ತಿದೆ. ಇದನ್ನು ಹೊತ್ತುಕೊಂಡು ದಾನಕ್ಕೆ ಬಂದಿದ್ದೀರಲ್ಲ," ಎಂದಳು. ನನ್ನ ಹಿಂದಿದ್ದ ನಮ್ಮ ಯಜಮಾನರು ಮಾತ್ರ (ಅವರದು ಹದಿನೈದು!) ಜಂಬದಿಂದ ರಕ್ತ ಕೊಟ್ಟು, ಸರ್ಟಿಫಿಕೇಟನ್ನು ವಾಟ್ಸಾಪ್ ಸ್ಟೇಟಸ್‌ಗೆ ಏರಿಸಿದರು.

"ಮೆಟ್ಟಿಲು ಹತ್ತಿದರೆ ಏದುಸಿರಾ? ಮಧ್ಯಾಹ್ನಕ್ಕೇ ಸುಸ್ತಾ?" ಡಾಕ್ಟರ್ ನನ್ನನ್ನು ಕೇಳಿದಳು.

ಹೌದು, ಹೌದು. ನಾನದನ್ನು ವಯಸ್ಸು, ಲೋಕಲ್ ಟ್ರೇನು ಮತ್ತು ಅತ್ತೆಯವರ ಲೆಕ್ಕಕ್ಕೆ ಹಾಕಿದ್ದೆ.

"ಮೈಗೆಲ್ಲ ಆಮ್ಲಜನಕ ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದೇ ಕಡಿಮೆಯಾದರೆ ಸುಸ್ತಾಗದೆ ಇನ್ನೇನು? ಯಾಕೆ ಕಡಿಮೆಯಾಗಿದೆ ಅಂತ ಮೊದಲು ಚೆಕ್ ಮಾಡಿಸಿ."

ಸತ್ಯ ಹೇಳಲಾ? ನನಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಸುಸ್ತಿಗೆ ಸಾಕ್ಷಿ ಸಿಕ್ಕಿತ್ತು. ಎರಡು ದಿನ ಸೋಫಾದಿಂದ ಏಳಲಿಲ್ಲ. ಯಾರೂ ಏಳು ಅನ್ನಲೂ ಇಲ್ಲ.

ಮೂರನೇ ದಿನ ಬಾಗಿಲ ಬಳಿ ನೀಲವ್ವ ಕುಸಿದು ಕೂತಳು. ವಿಜಯಪುರದ ಕಡೆಯವಳು, ನಮ್ಮ ಬಿಲ್ಡಿಂಗಿನಲ್ಲೇ ಐದು ಮನೆ ಪಾತ್ರೆ-ಬಟ್ಟೆ ಮಾಡುತ್ತಾಳೆ. ಲಿಫ್ಟಿಲ್ಲದ ಮೂರು ಮಹಡಿ ಹತ್ತಿ ಬಂದು ಹೀಗೆ ಕೂರುವುದು ಎರಡು ತಿಂಗಳಿಂದ ನಡೆದಿತ್ತು. "ದಮ್ಮ ಹತ್ತತೈತ್ರಿ ಅಕ್ಕಾರ," ಅನ್ನುತ್ತಿದ್ದಳು. ನಾನು ಕೊಟ್ಟ ರೋಗನಿದಾನ? ಮೊಬೈಲು. "ರೀಲ್ಸ್ ನೋಡೋದು ಕಮ್ಮಿ ಮಾಡು." (ಫೀಸಿಲ್ಲದ ಸಲಹೆ.) ಅಷ್ಟೇ ಅಲ್ಲ, ಒಂದನೇ ತಾರೀಕಿನಿಂದ ಬರಲು ಬೇರೊಬ್ಬಳಿಗೆ ಗುಟ್ಟಾಗಿ ಹೇಳಿಯೂ ಆಗಿತ್ತು.

ಅವತ್ತು ಸೋಫಾದಲ್ಲಿ ನಾನು, ಹೊಸ್ತಿಲಲ್ಲಿ ಅವಳು, ಇಬ್ಬರದೂ ಏದುಸಿರು. ನನ್ನದು ಅನೀಮಿಯಾ, ಅವಳದು ಸೋಮಾರಿತನ ಆದದ್ದು ಹೇಗೆ?

ಮರುದಿನ ಮುನ್ಸಿಪಾಲಿಟಿ ದವಾಖಾನೆಗೆ ಕರೆದುಕೊಂಡು ಹೋದೆ. ಅವಳದು ಏಳು. "ಇಷ್ಟು ದಿನ ಏನ್ ಮಾಡ್ತಿದ್ರಿ?" ಡಾಕ್ಟರ್ ನನ್ನನ್ನೇ ಕೇಳಿದರು. ನಾನು ಫ್ಯಾನ್ ನೋಡಿದೆ.

ವರ್ಷದಿಂದ ಮುಟ್ಟಿನಲ್ಲಿ ಸಿಕ್ಕಾಪಟ್ಟೆ ರಕ್ತ ಹೋಗುತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರ, ಇಕಿ ಕೈಲೆ ಆಗೂದಿಲ್ಲ ಅಂತ ಬಿಡಿಸಿಬಿಟ್ರ ಏನ್ ಮಾಡ್ಲಿರಿ?"

ಸಂಜೆಯೇ ಆ ಇನ್ನೊಬ್ಬಳಿಗೆ ಫೋನ್ ಮಾಡಿ, ಬರಬೇಡ ಎಂದೆ.

ಇಬ್ಬರಿಗೂ ಚಿಕಿತ್ಸೆ ಶುರುವಾಯಿತು. ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಟೀ ಕುಡಿಯಬಾರದು. "ಗುಳಗಿ ಎಷ್ಟಾರ ಕೊಡ್ರಿ, ಚಾ ಬ್ಯಾಡ ಅನ್ನಬ್ಯಾಡ್ರಿ," ಎಂದು ನೀಲವ್ವ ಒಂದು ವಾರ ಜಗಳವಾಡಿದಳು. ಈಗ ಅವಳದು ಹತ್ತು ದಾಟಿದೆ. ಹೊಸ್ತಿಲಲ್ಲಿ ಕೂರುವುದಿಲ್ಲ. ಬಂದವಳೇ, "ಇನ್ನೂ ಎದ್ದಿಲ್ಲೇನ್ರಿ?" ಎಂದು ನನ್ನನ್ನು ಎಬ್ಬಿಸುತ್ತಾಳೆ.

ನಮ್ಮ ಮನೆಯಲ್ಲಿ ಅವಳಿಗೆ ಭಾನುವಾರ ರಜೆ. ಅವಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದೇನೆಂದು ಉಳಿದ ನಾಲ್ಕು ಮನೆಯವರ ತಕರಾರು. ಇರಲಿ. ಆ ದಿನದ ಪಾತ್ರೆ ಯಜಮಾನರ ಪಾಲಿಗೆ. ನಾಲ್ಕು ಲೋಟ ತೊಳೆದು, "ಯಾಕೋ ಭಯಂಕರ ಸುಸ್ತು ಮಾರಾಯ್ತಿ," ಎಂದು ಮಲಗುತ್ತಾರೆ.

ಹಿಮೋಗ್ಲೋಬಿನ್ ಹದಿನೈದು ಇರುವವರ ಸುಸ್ತಿಗೆ ಯಾವ ಮಾತ್ರೆ ಕೊಡುತ್ತಾರೆ, ಯಾರಿಗಾದರೂ ಗೊತ್ತೇ?